ಹಕ್ಕಿಯ ಎಲುಬಿನಲ್ಲಿ ವಯಸ್ಸು

(ಸಂಘದ ವಿದ್ಯಾರ್ಥಿ ಶಿಬಿರದಲ್ಲಿ ನೀಡಿದ ಉಪನ್ಯಾಸದ ಬರಹರೂಪ)



ಬಕ್ರೀದ್ ಹತ್ತಿರ ಬಂದಾಗ ಆಡಿನ ಸಂತೆಯಲ್ಲಿ ನಮ್ಮ ಹಿರಿಯರು ಮಾಡುವ ಮೊದಲ ಕೆಲಸ ಯಾವುದೆಂದು ನಿಮಗೆಲ್ಲ ಗೊತ್ತು. ಬೆಲೆ ಕೇಳುವುದಕ್ಕೆ ಮುಂಚೆ ಹೋತದ ಕೆಳತುಟಿಯನ್ನು ಹೆಬ್ಬೆರಳಿನಿಂದ ಎಳೆದು ಹಲ್ಲು ನೋಡುತ್ತಾರೆ. ಖುರ್ಬಾನಿಯ ಆಡಿಗೆ ಒಂದು ವರ್ಷ ತುಂಬಿರಬೇಕು. ಮಾರುವವನು ತುಂಬಿದೆ ಎಂದೇ ಹೇಳುತ್ತಾನೆ. ಆದರೆ ನಡುವಿನ ಎರಡು ಹಾಲುಹಲ್ಲು ಬಿದ್ದು, ಆ ಜಾಗದಲ್ಲಿ ಅಗಲವಾದ ಎರಡು ಹೊಸ ಹಲ್ಲು ಬಂದಿದ್ದರೆ ಅವನ ಮಾತನ್ನು ನಂಬುವ ಅಗತ್ಯವೇ ಬೀಳುವುದಿಲ್ಲ. ರೈತರ ಲೆಕ್ಕವೂ ಹೀಗೆಯೇ. ಎರಡು ಹಲ್ಲಿನ ಹೋರಿ, ನಾಲ್ಕು ಹಲ್ಲಿನ ಹೋರಿ, ಬಾಯ್ಗೂಡಿದ ಎತ್ತು ಎಂದು ವಯಸ್ಸನ್ನು ಹಲ್ಲಿನಲ್ಲೇ ಎಣಿಸುತ್ತಾರೆ.

ಈಗ ಕೋಳಿಯ ವಿಷಯಕ್ಕೆ ಬನ್ನಿ. ಅದರ ಬಾಯಿ ತೆರೆದು ನೋಡಿದರೆ ಏನೂ ಸಿಗದು. ಹಕ್ಕಿಗೆ ಹಲ್ಲೇ ಇಲ್ಲ. ಬದುಕಿರುವ ಕೋಳಿಯಾದರೆ ಅದರ ಜುಟ್ಟು, ಗರಿ, ಕಾಲಿನ ಚರ್ಮ ನೋಡಿ ಅಂದಾಜು ಮಾಡಬಹುದು. ಅದು ಸತ್ತು, ಮಾಂಸವೆಲ್ಲ ಹೋಗಿ, ಬರಿಯ ಎಲುಬು ಮಾತ್ರ ಕೈಗೆ ಬಂದಾಗ? ನೂರಾರು ವರ್ಷ ಹಳೆಯ ಊರಿನ ದಿಬ್ಬವನ್ನು ಅಗೆಯುವವರಿಗೆ ಮಡಕೆ ಚೂರು, ಬೂದಿಯ ಜೊತೆ ಹಕ್ಕಿಯ ಎಲುಬುಗಳೂ ಸಿಗುತ್ತವೆ. ಆ ಊರಿನವರು ಕೋಳಿಯನ್ನು ಮಾಂಸಕ್ಕೆ ಸಾಕಿದರೇ, ಮೊಟ್ಟೆಗೆ ಸಾಕಿದರೇ, ಅಥವಾ ಬೇರೆ ಯಾವುದಕ್ಕಾದರೂ ಸಾಕಿದರೇ ಎಂಬುದನ್ನು ತಿಳಿಯಬೇಕಾದರೆ ಆ ಕೋಳಿ ಎಷ್ಟು ವಯಸ್ಸಿನಲ್ಲಿ ಸತ್ತಿತು ಎಂಬುದು ಗೊತ್ತಾಗಬೇಕು. ಈ ಹೊತ್ತು ನಾನು ಮಾತನಾಡಬೇಕೆಂದಿರುವುದು ಇದರ ಬಗ್ಗೆ. ವಿಷಯ ಸಣ್ಣದೆನಿಸಬಹುದು. ಆದರೆ ಒಂದು ಜಾತಿಯ ಹಕ್ಕಿಯೇ ಭೂಮಿಯಿಂದ ಏಕೆ ಅಳಿಯಿತು ಎಂಬ ಪ್ರಶ್ನೆಗೆ ಉತ್ತರ ಎಲುಬಿನೊಳಗೆ ಸಿಕ್ಕಿದ ಉದಾಹರಣೆಯೂ ಇದರಲ್ಲಿದೆ.

ಮೊದಲು ನಮ್ಮ ಎಲುಬನ್ನೇ ನೋಡೋಣ. ಮಗುವಿನ ತೊಡೆಯೆಲುಬಿನ ಎರಡೂ ತುದಿಗಳಲ್ಲಿ ಬೇರೆಯದೇ ಆದ ಎಲುಬಿನ ಟೋಪಿ ಹುಟ್ಟಿಕೊಳ್ಳುತ್ತದೆ. ಟೋಪಿಗೂ ನಡುವಿನ ಕಾಂಡಕ್ಕೂ ಮಧ್ಯೆ ಮೃದ್ವಸ್ಥಿಯ ಒಂದು ಪದರ ಇರುತ್ತದೆ. ನಾವು ಉದ್ದವಾಗುವುದು ಆ ಪದರದಲ್ಲಿ. ಬೆಳವಣಿಗೆ ಮುಗಿದಾಗ ಆ ಪದರವೂ ಎಲುಬಾಗಿ, ಟೋಪಿ ಕಾಂಡಕ್ಕೆ ಬೆಸೆದುಕೊಳ್ಳುತ್ತದೆ. ದೇಹದ ಒಂದೊಂದು ಎಲುಬು ಒಂದೊಂದು ವಯಸ್ಸಿನಲ್ಲಿ ಬೆಸೆಯುವುದರಿಂದ ಎಕ್ಸ್‌ರೇ ತೆಗೆದು ನೋಡಿದರೆ ಹುಡುಗನ ವಯಸ್ಸಿನ ಅಂದಾಜು ಸಿಗುತ್ತದೆ. ಜನನ ಪ್ರಮಾಣಪತ್ರವೂ ಇಲ್ಲ, ಶಾಲೆಯ ದಾಖಲೆಯೂ ಇಲ್ಲ ಎಂದಾಗ ನಮ್ಮ ದೇಶದ ಬಾಲನ್ಯಾಯ ಕಾಯ್ದೆ ಆಸಿಫಿಕೇಶನ್ ಪರೀಕ್ಷೆಗೆ ಕಳಿಸುತ್ತದೆಯಲ್ಲ, ಅದು ಇದೇ. ಅಲ್ಲಿಯೂ ಎರಡು ವರ್ಷ ಆಚೆ ಈಚೆ ಆಗಬಹುದೆಂದು ನ್ಯಾಯಾಲಯಗಳು ಒಪ್ಪಿಕೊಂಡಿವೆ. ದಾಖಲೆ ಇಟ್ಟುಕೊಳ್ಳಿ ಎಂದು ತಂದೆತಾಯಂದಿರಿಗೆ ಈ ಸಂಘ ಮತ್ತೆ ಮತ್ತೆ ಹೇಳುವುದು ಸುಮ್ಮನೆ ಅಲ್ಲ.

ಆಡು, ಕುರಿ, ದನಗಳ ಎಲುಬಿಗೂ ಈ ಟೋಪಿಗಳಿವೆ. ಹಕ್ಕಿಗೆ ಇಲ್ಲ. ಮೊಣಕಾಲಿನ ಕೆಳಗಿನ ಎಲುಬಿನ ಮೇಲ್ತುದಿ ಒಂದನ್ನು ಬಿಟ್ಟರೆ ಹಕ್ಕಿಯ ಉದ್ದೆಲುಬುಗಳಲ್ಲಿ ಬೇರೆಯಾದ ಟೋಪಿ ಹುಟ್ಟುವುದೇ ಇಲ್ಲ. ಮರಿಯ ಎಲುಬಿನ ತುದಿ ಪೂರ್ತಿ ಮೃದ್ವಸ್ಥಿಯಾಗಿರುತ್ತದೆ. ನಡುವಿನ ಎಲುಬು ನಿಧಾನವಾಗಿ ಅದರೊಳಗೆ ಮುಂದುವರಿಯುತ್ತಾ ಹೋಗಿ ಕೊನೆಗೆ ತುದಿಯನ್ನು ಮುಟ್ಟುತ್ತದೆ. ಅಲ್ಲಿಗೆ ಬೆಳವಣಿಗೆ ಮುಗಿಯಿತು. ಬೆಸುಗೆಯ ಗೆರೆ ಇಲ್ಲ, ಹಂತ ಹಂತವಾದ ಲೆಕ್ಕವೂ ಇಲ್ಲ. ಹಾಗಾಗಿ ಆಡಿನ ಎಲುಬು ನೋಡಿ ಕಲಿತವನು ಕೋಳಿಯ ಎಲುಬನ್ನು ಹಿಡಿದರೆ ತಬ್ಬಿಬ್ಬಾಗುತ್ತಾನೆ.

ಹಾಗಾದರೆ ಏನನ್ನು ನೋಡಬೇಕು? ತುದಿಯನ್ನೇ ನೋಡಬೇಕು. ಇದಕ್ಕೆ ಪ್ರಯೋಗಶಾಲೆ ಬೇಡ, ಅಡುಗೆಮನೆ ಸಾಕು. ಅಂಗಡಿಯಲ್ಲಿ ಸಿಗುವ ಬ್ರಾಯ್ಲರ್ ಕೋಳಿಯ (ನಮ್ಮ ಜನ ಬಾಯ್ಲರ್ ಎನ್ನುತ್ತಾರೆ, ಇರಲಿ) ಲೆಗ್ ಪೀಸನ್ನು ಚೆನ್ನಾಗಿ ಬೇಯಿಸಿದಾಗ ಎಲುಬಿನ ತುದಿ ಬಿಳಿಯ ಗುಂಡಿಯಂತೆ ಕಳಚಿ ಬರುತ್ತದೆ. ಮಕ್ಕಳು ಅದನ್ನು ಕರುಮ್ ಎಂದು ಅಗಿಯುತ್ತಾರೆ. ಅದು ಎಲುಬಲ್ಲ, ಇನ್ನೂ ಎಲುಬಾಗದ ಮೃದ್ವಸ್ಥಿ. ಅದನ್ನು ತೆಗೆದ ಮೇಲೆ ಉಳಿಯುವ ಎಲುಬಿನ ತುದಿ ನಯವಾಗಿರುವುದಿಲ್ಲ. ಸಣ್ಣ ಸಣ್ಣ ರಂಧ್ರಗಳಿಂದ ಸ್ಪಂಜಿನಂತೆ ಒರಟಾಗಿರುತ್ತದೆ. ಅದರ ಪಕ್ಕದಲ್ಲಿ ಎರಡು ವರ್ಷದ ನಾಟಿ ಕೋಳಿಯ ಅದೇ ಎಲುಬನ್ನಿಟ್ಟು ನೋಡಿ. ತುದಿ ಗಟ್ಟಿ, ನಯ, ಕೀಲಿನ ಏರುತಗ್ಗುಗಳು ಕಡೆದಿಟ್ಟ ಹಾಗೆ ಸ್ಪಷ್ಟ. ನೆಲದೊಳಗೆ ಮೃದ್ವಸ್ಥಿ ಕೊಳೆತುಹೋಗುತ್ತದೆ. ಆದ್ದರಿಂದ ಅಗೆತದಲ್ಲಿ ಸಿಕ್ಕಿದ ಎಲುಬಿನ ತುದಿ ಒರಟಾಗಿ ರಂಧ್ರಮಯವಾಗಿದ್ದರೆ ಅದು ಬೆಳೆಯುತ್ತಿದ್ದ ಹಕ್ಕಿ, ನಯವಾಗಿದ್ದರೆ ಬಲಿತ ಹಕ್ಕಿ. ಮಣ್ಣಿನಲ್ಲಿ ಸವೆದ ಎಲುಬೂ ಒರಟಾಗುವುದುಂಟು, ನಾಯಿ ಅಗಿದದ್ದೂ ಹಾಗೆಯೇ ಕಾಣುತ್ತದೆ. ಅದನ್ನು ಗುರುತಿಸಲು ಅಭ್ಯಾಸ ಬೇಕು.

ಬ್ರಾಯ್ಲರ್ ಕೋಳಿ ಬೇಯಿಸಿದಾಗ ಎಲುಬಿನ ಸುತ್ತ ಕಪ್ಪಾಗಿರುವುದನ್ನು ಕಂಡು ಮಾಂಸ ಕೆಟ್ಟಿದೆ ಎಂದು ಎಸೆಯುವವರಿದ್ದಾರೆ. ಎಳೆಯ ಎಲುಬಿನ ಗೋಡೆ ರಂಧ್ರಮಯವಾದ್ದರಿಂದ ಒಳಗಿನ ಮಜ್ಜೆಯ ಬಣ್ಣ ಹೊರಗೆ ಜಿನುಗುತ್ತದೆ. ಫ್ರೀಜರಿನಲ್ಲಿಟ್ಟ ಕೋಳಿಯಲ್ಲಿ ಇದು ಹೆಚ್ಚು. ಆ ಕಪ್ಪು ಬಣ್ಣ ಹೇಳುತ್ತಿರುವುದು ವಯಸ್ಸನ್ನು.

ಎರಡನೆಯದು ಬೆಸುಗೆ. ಟೋಪಿಯ ಬೆಸುಗೆ ಇಲ್ಲದಿದ್ದರೂ ಹಕ್ಕಿಯ ದೇಹದಲ್ಲಿ ಬೇರೆ ಬಗೆಯ ಬೆಸುಗೆ ಬೇಕಾದಷ್ಟಿದೆ. ಹಾರುವ ದೇಹ ಹಗುರವಾಗಿಯೂ ಗಟ್ಟಿಯಾಗಿಯೂ ಇರಬೇಕಾದ್ದರಿಂದ ನಮ್ಮಲ್ಲಿ ಬಿಡಿಬಿಡಿಯಾಗಿರುವ ಎಷ್ಟೋ ಎಲುಬುಗಳು ಹಕ್ಕಿಯಲ್ಲಿ ಒಂದಾಗುತ್ತವೆ. ಕೋಳಿಯ ಕಾಲಿನಲ್ಲಿ ಹುರುಪೆ ಇರುವ ಭಾಗವಿದೆಯಲ್ಲ, ಅದರೊಳಗಿನ ಒಂಟಿ ಎಲುಬು ನಿಜವಾಗಿ ನಮ್ಮ ಪಾದದ ಎಲುಬುಗಳಿಗೆ ಸಮಾನ. ಮೂರು ಉದ್ದೆಲುಬುಗಳೂ ಹಿಮ್ಮಡಿಯ ಕಡೆಯ ಚಿಕ್ಕ ಎಲುಬುಗಳೂ ಸೇರಿ ಅದು ಆಗಿದೆ. ಟಾರ್ಸೋಮೆಟಟಾರ್ಸಸ್ ಎಂದು ಅದರ ಹೆಸರು. ಎಳೆಯ ಮರಿಯಲ್ಲಿ ಆ ಮೂರೂ ಬೇರೆ ಬೇರೆಯಾಗಿ ಕಾಣುತ್ತವೆ. ಸ್ವಲ್ಪ ದೊಡ್ಡದರಲ್ಲಿ ನಡುವೆ ಗೆರೆ ಉಳಿದಿರುತ್ತದೆ, ಮೇಲ್ತುದಿಯ ಮುಚ್ಚಳ ಕಳಚುತ್ತದೆ. ಕೋಳಿಗೆ ಐದಾರು ತಿಂಗಳಾಗುವ ಹೊತ್ತಿಗೆ ಎಲ್ಲ ಒಂದಾಗಿ, ಕಾಲಿನ ಉದ್ದೆಲುಬುಗಳ ಬೆಳವಣಿಗೆ ಮುಗಿದಿರುತ್ತದೆ. ರೆಕ್ಕೆಯ ತುದಿಯಲ್ಲಿ, ಸೊಂಟದಲ್ಲಿ, ತಲೆಬುರುಡೆಯಲ್ಲಿ ಕೂಡ ಇಂಥ ಬೆಸುಗೆಗಳಿವೆ. ಎಲ್ಲಕ್ಕಿಂತ ತಡವಾಗಿ ಬಲಿಯುವುದು ಎದೆಮೂಳೆಯ ಏಣಿನ ಹಿಂತುದಿ. ಮೊಟ್ಟೆಗೆ ಸಾಕುವ ಕೋಳಿಗಳಲ್ಲಿ ಅದು ಪೂರ್ತಿ ಎಲುಬಾಗಲು ಎಂಟು ಒಂಬತ್ತು ತಿಂಗಳಾದರೂ ಬೇಕು. ಕೋಳಿ ಕೊಳ್ಳುವಾಗ ಎದೆಮೂಳೆಯ ತುದಿಯನ್ನು ಬೆರಳಿನಿಂದ ಒತ್ತಿ, ಬಗ್ಗಿದರೆ ಎಳೆಯದು, ಬಗ್ಗದಿದ್ದರೆ ಹಳೆಯದು, ಬೇಯಲು ಹೊತ್ತು ಹಿಡಿಯುತ್ತದೆ ಎಂದು ಅಡುಗೆ ಬಲ್ಲವರು ಹೇಳುವುದುಂಟು. ಅಂಗರಚನಾಶಾಸ್ತ್ರದ ದೃಷ್ಟಿಯಿಂದ ಆ ಪರೀಕ್ಷೆ ಸರಿಯಾಗಿಯೇ ಇದೆ.

ಆದರೆ ಇದೆಲ್ಲ ಹೇಳುವುದು ಎಲ್ಲಿಯವರೆಗಿನ ಕತೆ? ಆರೇಳು ತಿಂಗಳವರೆಗಿನದು. ಹಕ್ಕಿಯ ಎಲುಬಿನ ಮುಖ್ಯ ತೊಡಕು ಇಲ್ಲಿದೆ, ದಯವಿಟ್ಟು ಗಮನಿಸಿ. ಹಕ್ಕಿ ಬಹಳ ಬೇಗ ಬೆಳೆದುಬಿಡುತ್ತದೆ. ಗುಬ್ಬಚ್ಚಿಯ ಮರಿ ಎರಡು ವಾರದಲ್ಲಿ ಗೂಡು ಬಿಡುತ್ತದೆ. ಪಾರಿವಾಳದ ಮರಿ ಗೂಡಿನಿಂದ ಹೊರಬರುವಾಗಲೇ ಹೆಚ್ಚುಕಡಿಮೆ ತಾಯಿಯಷ್ಟು ದೊಡ್ಡದು. ಒಮ್ಮೆ ಎಲುಬು ಬಲಿತಿತೆಂದರೆ ಲೆಕ್ಕದ ಪುಸ್ತಕ ಮುಚ್ಚಿತು. ಒಂದು ವರ್ಷದ ಹಕ್ಕಿಯ ಎಲುಬಿಗೂ ಎಂಟು ವರ್ಷದ ಹಕ್ಕಿಯ ಎಲುಬಿಗೂ ಹೊರನೋಟದಲ್ಲಿ ವ್ಯತ್ಯಾಸ ಕಾಣುವುದಿಲ್ಲ. ಆದ್ದರಿಂದ ಬಲಿತ ಎಲುಬನ್ನು ಕೈಯಲ್ಲಿ ಹಿಡಿದವನು ಪ್ರಾಮಾಣಿಕವಾಗಿ ಹೇಳಬಹುದಾದದ್ದು ಒಂದೇ: ಕನಿಷ್ಠ ಇಷ್ಟು.

ಈ 'ಕನಿಷ್ಠ' ಎಂಬ ಪದದ ಬೆಲೆ ತಿಳಿಯಬೇಕಾದರೆ ಪೆಸಿಫಿಕ್ ಸಾಗರದ ಮಿಡ್‌ವೇ ದ್ವೀಪದ ಒಂದು ಕಡಲಹಕ್ಕಿಯ ಕತೆ ಕೇಳಿ. 1956ರಲ್ಲಿ ಚಾಂಡ್ಲರ್ ರಾಬಿನ್ಸ್ ಎಂಬ ಪಕ್ಷಿತಜ್ಞ ಅಲ್ಲಿ ಒಂದು ಹೆಣ್ಣು ಆಲ್ಬಟ್ರಾಸ್ ಹಕ್ಕಿಯ ಕಾಲಿಗೆ ಉಂಗುರ ಹಾಕಿದರು. ಆಗಲೇ ಅದು ಮೊಟ್ಟೆಯಿಡುತ್ತಿತ್ತು. ಆ ಜಾತಿಯ ಹಕ್ಕಿ ಐದು ವರ್ಷಕ್ಕೆ ಮುಂಚೆ ಮೊಟ್ಟೆಯಿಡುವುದಿಲ್ಲವಾದ್ದರಿಂದ ಅದರ ವಯಸ್ಸು ಕನಿಷ್ಠ ಐದು ಎಂದು ಬರೆದುಕೊಂಡರು. ವಿಸ್ಡಮ್ ಎಂದು ಹೆಸರಾದ ಆ ಹಕ್ಕಿ 2024ರ ಕೊನೆಯಲ್ಲಿ, ಸುಮಾರು 74ನೇ ವಯಸ್ಸಿನಲ್ಲಿ, ಮತ್ತೊಂದು ಮೊಟ್ಟೆಯಿಟ್ಟಿತು. ಅದಕ್ಕೆ ಎಷ್ಟು ವಯಸ್ಸೆಂದು ನಮಗೆ ಹೇಳಿದ್ದು ಕಾಲಿನ ಉಂಗುರ ಮತ್ತು ಬರೆದಿಟ್ಟ ದಾಖಲೆ. ಎಲುಬಿನ ಹೊರಮೈ ನೋಡಿ ಯಾರೂ 74 ಎಂದು ಹೇಳಲಾರರು.

ಉಂಗುರದ ಮಾತು ಬಂದದ್ದರಿಂದ, ಬದುಕಿರುವ ಹಕ್ಕಿಯ ಎಲುಬನ್ನು ಅದಕ್ಕೆ ನೋವಾಗದಂತೆ ನೋಡುವ ಒಂದು ವಿಧಾನವನ್ನೂ ಹೇಳಿಬಿಡುತ್ತೇನೆ. ಉಂಗುರ ತೊಡಿಸುವವರು ಬಲೆಗೆ ಬಿದ್ದ ಸಣ್ಣ ಹಕ್ಕಿಯ ತಲೆಯ ಗರಿಗಳನ್ನು ಸ್ವಲ್ಪ ನೀರು ಹಚ್ಚಿ ಬೈತಲೆಯಂತೆ ಬಿಡಿಸುತ್ತಾರೆ. ಚರ್ಮ ಎಷ್ಟು ತೆಳುವೆಂದರೆ ಬೆಳಕಿಗೆ ಹಿಡಿದರೆ ಬುರುಡೆಯೇ ಕಾಣುತ್ತದೆ. ಮರಿಯ ಬುರುಡೆ ಒಂದೇ ಪದರದ್ದು, ಗುಲಾಬಿ ಬಣ್ಣವಾಗಿ ಕಾಣುತ್ತದೆ. ಬೆಳೆದಂತೆ ಅದು ಎರಡು ಪದರವಾಗಿ, ನಡುವೆ ಗಾಳಿ ತುಂಬಿ, ಪದರಗಳನ್ನು ಹಿಡಿದಿಡುವ ಸಣ್ಣ ಕಂಬಗಳು ಹುಟ್ಟುತ್ತವೆ. ಆ ಭಾಗ ಬೆಳ್ಳಗೆ, ಚುಕ್ಕೆ ಚುಕ್ಕೆಯಾಗಿ ಕಾಣುತ್ತದೆ. ಬಿಳಿ ಎಷ್ಟು ಹರಡಿದೆ ಎಂದು ನೋಡಿ ವಯಸ್ಸು ಹೇಳುತ್ತಾರೆ. ಅಮೆರಿಕದ ಆಲ್ಡೆನ್ ಮಿಲ್ಲರ್ 1946ರಲ್ಲಿ ಈ ವಿಧಾನವನ್ನು ವಿವರಿಸಿ ಬರೆದರು. ಗುಬ್ಬಚ್ಚಿಯಲ್ಲಿ ಬುರುಡೆ ಪೂರ್ತಿ ಬಿಳಿಯಾಗಲು ಆರೇಳು ತಿಂಗಳು ಬೇಕು. ಅಲ್ಲಿಗೆ ಈ ಕಿಟಕಿಯೂ ಮುಚ್ಚುತ್ತದೆ. ಕೆಲವು ಜಾತಿಗಳಲ್ಲಿ ಪೂರ್ತಿ ಮುಚ್ಚುವುದೇ ಇಲ್ಲ, ಬಲಿತ ಹಕ್ಕಿಯಲ್ಲೂ ಗುಲಾಬಿ ಕಿಂಡಿ ಉಳಿಯುತ್ತದೆ. ಜಾತಿ ತಿಳಿಯದೆ ವಯಸ್ಸು ಹೇಳಹೋಗಬಾರದು. ಇದನ್ನು ಕೇಳಿ ಮನೆಗೆ ಹೋಗಿ ಗುಬ್ಬಚ್ಚಿ ಹಿಡಿಯಬೇಡಿ. ಅದು ತರಬೇತಿ, ಪರವಾನಗಿ ಇರುವವರ ಕೆಲಸ. ಕಾಡುಹಕ್ಕಿಗಳನ್ನು ಹಿಡಿಯುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಪರಾಧ.

ಬಲಿತ ಮೇಲೂ ವಯಸ್ಸನ್ನು ಬರೆಯುತ್ತಾ ಹೋಗುವ ಎಲುಬು ಕೋಳಿಯಲ್ಲಿ ಒಂದುಂಟು. ಅದು ಹುಂಜದ ಕಾಲಿನ ಹಿಂಭಾಗದ ಮುಳ್ಳು. ಮೊದಲು ಅದು ಬರಿಯ ಚರ್ಮದ ಮೇಲಿನ ಗಡಸು ಮೊಳಕೆ. ಕಾಲ ಕಳೆದಂತೆ ಒಳಗೆ ಎಲುಬಿನ ತಿರುಳು ಹುಟ್ಟಿ, ಕಾಲಿನ ಎಲುಬಿಗೆ ಬೆಸೆದು, ವರ್ಷದಿಂದ ವರ್ಷಕ್ಕೆ ಉದ್ದವಾಗುತ್ತದೆ. ಬಹುಕಾಲ ಪುರಾತತ್ವದವರು ಮುಳ್ಳಿದ್ದರೆ ಹುಂಜ, ಇಲ್ಲದಿದ್ದರೆ ಹೇಂಟೆ ಎಂದು ವಿಂಗಡಿಸಿ ಎಣಿಸುತ್ತಿದ್ದರು. 2021ರಲ್ಲಿ ಇಂಗ್ಲೆಂಡಿನ ಎಕ್ಸೆಟರ್ ವಿಶ್ವವಿದ್ಯಾಲಯದ ಶಾನ್ ಡೊಹರ್ಟಿ ಮತ್ತು ಸಂಗಡಿಗರು, ಸತ್ತಾಗಿನ ವಯಸ್ಸು ಖಚಿತವಾಗಿ ಗೊತ್ತಿದ್ದ ಇಂದಿನ ಕಾಲದ ಹುಂಜಗಳ ಎಲುಬುಗಳನ್ನು ಒಟ್ಟುಗೂಡಿಸಿ ಅಳೆದರು. ಒಂದು ವರ್ಷದೊಳಗಿನ ಹುಂಜಗಳಲ್ಲಿ ಹೆಚ್ಚಿನವಕ್ಕೆ ಎಲುಬಿನ ಮುಳ್ಳೇ ಇರಲಿಲ್ಲ. ಅಂದರೆ ಹಳೆಯ ಎಣಿಕೆಯಲ್ಲಿ ಹೇಂಟೆಯೆಂದು ಬರೆದುಕೊಂಡವುಗಳಲ್ಲಿ ಎಷ್ಟೋ ಎಳೆಯ ಹುಂಜಗಳು ಸೇರಿರಬಹುದು.

ಆ ಅಳತೆಯನ್ನು ಹಿಡಿದು ಅವರು ಬ್ರಿಟನ್ನಿನ ಕಬ್ಬಿಣಯುಗ, ರೋಮನ್ ಮತ್ತು ಸ್ಯಾಕ್ಸನ್ ಕಾಲದ ಎಲುಬುಗಳನ್ನು ನೋಡಿದಾಗ ಅರ್ಧಕ್ಕಿಂತ ಹೆಚ್ಚು ಹಕ್ಕಿಗಳು ಎರಡು ವರ್ಷ ದಾಟಿ ಬದುಕಿದ್ದವು. ಸುಮಾರು ಕಾಲುಭಾಗ ಮೂರು ವರ್ಷವನ್ನೂ ದಾಟಿದ್ದವು. ಮಾಂಸಕ್ಕೆಂದು ಸಾಕಿದವನು ಹುಂಜವನ್ನು ಮೂರು ವರ್ಷ ಕಾಳು ಹಾಕಿ ಇಟ್ಟುಕೊಳ್ಳುತ್ತಾನೆಯೇ? ಬ್ರಿಟನ್ನರು ಕೋಳಿ, ಹೆಬ್ಬಾತು, ಮೊಲ ತಿನ್ನುವುದಿಲ್ಲ, ಸಂತೋಷಕ್ಕೆ ಸಾಕುತ್ತಾರೆ ಎಂದು ಜೂಲಿಯಸ್ ಸೀಸರ್ ತನ್ನ ಯುದ್ಧದ ಬರಹದಲ್ಲಿ ಹೇಳಿದ್ದಾನೆ. ಪರದೇಶದವನು ಕೇಳಿದ್ದನ್ನು ಬರೆದದ್ದೆಂದು ಅದನ್ನು ಬದಿಗಿಡಬಹುದಿತ್ತು. ಈಗ ಕೋಳಿಯ ಕಾಲಿನ ಮುಳ್ಳು ಅವನ ಪರವಾಗಿ ಸಾಕ್ಷಿ ನುಡಿದಂತಾಗಿದೆ. ಇಲ್ಲಿ ಇನ್ನೊಂದು ಎಚ್ಚರ ಬೇಕು. ಎಳೆಯ ಎಲುಬು ಮಣ್ಣಿನಲ್ಲಿ ಬೇಗ ಕರಗುತ್ತದೆ, ಬಲಿತದ್ದು ಉಳಿಯುತ್ತದೆ. ಎಳೆಯದು ಸಿಗಲಿಲ್ಲ ಎಂದ ಮಾತ್ರಕ್ಕೆ ಇರಲೇ ಇಲ್ಲ ಎನ್ನುವಂತಿಲ್ಲ.

ಹೇಂಟೆಗೆ ಮುಳ್ಳಿಲ್ಲದಿದ್ದರೂ ಅದಕ್ಕೆ ಅದರದೇ ಗುರುತಿದೆ. ಮೊಟ್ಟೆಯ ಚಿಪ್ಪಿಗೆ ಎರಡು ಗ್ರಾಮಿಗೂ ಮೀರಿದ ಕ್ಯಾಲ್ಸಿಯಂ ಬೇಕು. ಅಷ್ಟನ್ನು ಒಂದೇ ರಾತ್ರಿಯಲ್ಲಿ ತಿಂದ ಕಾಳಿನಿಂದ ಒದಗಿಸಲಾಗದು. ಆದ್ದರಿಂದ ಮೊದಲ ಮೊಟ್ಟೆಗೆ ಸುಮಾರು ಎರಡು ವಾರ ಮುಂಚಿನಿಂದ ಕಾಲಿನ ಎಲುಬಿನ ಟೊಳ್ಳಿನಲ್ಲಿ, ಮಜ್ಜೆ ಇರುವ ಜಾಗದಲ್ಲಿ, ಪುಡಿಪುಡಿಯಾದ ಹೊಸ ಎಲುಬು ತುಂಬಿಕೊಳ್ಳುತ್ತದೆ. ಮೆಡ್ಯುಲರಿ ಎಲುಬು ಎನ್ನುತ್ತಾರೆ. ಅದು ಒಂದು ಉಗ್ರಾಣ. ಮೊಟ್ಟೆಯಿಡುವ ಕಾಲ ಮುಗಿದ ಮೇಲೆ ಖಾಲಿಯಾಗುತ್ತದೆ. ಮುರಿದ ಎಲುಬಿನೊಳಗೆ ಇದು ಕಂಡರೆ ಮೂರು ಸಂಗತಿ ಒಟ್ಟಿಗೆ ತಿಳಿಯುತ್ತವೆ: ಅದು ಹೆಣ್ಣು, ಮೊಟ್ಟೆಯಿಡುವ ವಯಸ್ಸಿಗೆ ಬಂದದ್ದು, ಮೊಟ್ಟೆಯಿಡುವ ದಿನಗಳಲ್ಲೇ ಸತ್ತದ್ದು. 2005ರಲ್ಲಿ ಮೇರಿ ಶ್ವೈಟ್ಜರ್ ಎಂಬ ವಿಜ್ಞಾನಿ ಅಮೆರಿಕದ ಮೊಂಟಾನಾದಲ್ಲಿ ಸಿಕ್ಕಿದ 6.8 ಕೋಟಿ ವರ್ಷ ಹಳೆಯ ಟಿರನೋಸಾರಸ್ ಡೈನೋಸಾರಿನ ತೊಡೆಯೆಲುಬಿನಲ್ಲಿ ಇಂಥದೇ ಪದರವನ್ನು ತೋರಿಸಿದರು. ಡೈನೋಸಾರಿನ ಹೆಣ್ಣುತನವನ್ನು ಗುರುತಿಸಲು ದಾರಿಯಾದದ್ದು ಮೊಟ್ಟೆಯಿಡುವ ಕೋಳಿಯ ಬಗೆಗಿನ ತಿಳಿವಳಿಕೆ.

ಇನ್ನು ನಾನು ಮೊದಲಿಗೆ ಹೇಳಿದ ಅಳಿದ ಹಕ್ಕಿಯ ವಿಷಯ. ನ್ಯೂಜಿಲೆಂಡಿನಲ್ಲಿ ಮೋವಾ ಎಂಬ ಹಾರಲಾರದ ದೈತ್ಯ ಹಕ್ಕಿಗಳಿದ್ದವು, ಒಟ್ಟು ಒಂಬತ್ತು ಜಾತಿ. 19ನೇ ಶತಮಾನದಿಂದ ವಿದ್ವಾಂಸರು ಅವುಗಳ ಎಲುಬುಗಳನ್ನು ಗಾತ್ರಕ್ಕೆ ತಕ್ಕಂತೆ ಬೇರೆ ಬೇರೆ ಜಾತಿಗಳೆಂದು ಹೆಸರಿಡುತ್ತಾ ಬಂದಿದ್ದರು. 2003ರಲ್ಲಿ ಎಲುಬಿನ ಡಿ.ಎನ್.ಎ. ಪರೀಕ್ಷಿಸಿದಾಗ ದೊಡ್ಡ ಜಾತಿ, ಸಣ್ಣ ಜಾತಿ ಎಂದುಕೊಂಡದ್ದು ಒಂದೇ ಜಾತಿಯ ಹೆಣ್ಣು ಗಂಡುಗಳೆಂದು ತಿಳಿಯಿತು. ಹೆಣ್ಣು ಗಂಡಿಗಿಂತ ಎರಡು ಪಟ್ಟಿಗೂ ಮೀರಿದ ತೂಕದ್ದು! ಗಾತ್ರ ನೋಡಿ ವಯಸ್ಸನ್ನಾಗಲಿ ಜಾತಿಯನ್ನಾಗಲಿ ಹೇಳಹೋಗುವವರು ಇದನ್ನು ನೆನಪಿಡಬೇಕು.

ಅದರ ನಂತರ 2005ರಲ್ಲಿ ಟರ್ವಿ, ಗ್ರೀನ್ ಮತ್ತು ಹೋಲ್ಡವೇ ಎಂಬ ಮೂವರು ಮೋವಾದ ಕಾಲಿನ ಎಲುಬುಗಳನ್ನು ಬೆಳಕು ತೂರುವಷ್ಟು ತೆಳುವಾಗಿ ಅಡ್ಡಲಾಗಿ ಸೀಳಿ ಸೂಕ್ಷ್ಮದರ್ಶಕದಲ್ಲಿ ನೋಡಿದರು. ಮರದ ಕಾಂಡದ ಉಂಗುರಗಳಂತೆ ಅಲ್ಲಿ ಬೆಳವಣಿಗೆಯ ಗೆರೆಗಳಿದ್ದವು. ಆಹಾರ ಕಡಿಮೆಯಾದ ಋತುವಿನಲ್ಲಿ ಬೆಳವಣಿಗೆ ನಿಂತು ಮತ್ತೆ ಶುರುವಾದಾಗ ಒಂದು ಗೆರೆ ಮೂಡುತ್ತದೆ. ಬಹುಪಾಲು ಹಕ್ಕಿಗಳು ವರ್ಷ ತುಂಬುವ ಮೊದಲೇ ಬೆಳೆದು ಮುಗಿಸುವುದರಿಂದ ಅವುಗಳಲ್ಲಿ ಈ ಗೆರೆ ಬೀಳುವುದಕ್ಕೆ ಅವಕಾಶವೇ ಇಲ್ಲ. ಮೋವಾದ ಕೆಲವು ಜಾತಿಗಳಲ್ಲಿ ಒಂಬತ್ತು ಗೆರೆಗಳವರೆಗೆ ಸಿಕ್ಕಿದವು. ಒಂಬತ್ತು ವರ್ಷ ಕಳೆದರೂ ಎಲುಬು ಬಲಿತಿರಲಿಲ್ಲ ಎಂದು ಅರ್ಥ. ಕೋಳಿ ಆರು ತಿಂಗಳಲ್ಲಿ ಮುಗಿಸುವ ಕೆಲಸಕ್ಕೆ ಆ ಹಕ್ಕಿ ಹತ್ತು ವರ್ಷ ತೆಗೆದುಕೊಳ್ಳುತ್ತಿತ್ತು. ವಿಚಿತ್ರವೆಂದರೆ ಎಲ್ಲಕ್ಕಿಂತ ದೊಡ್ಡ ಮೋವಾ ಬೇಗ ಬೆಳೆಯುತ್ತಿತ್ತು, ಅದಕ್ಕಿಂತ ಸಣ್ಣವು ನಿಧಾನ.

ಈ ಗೆರೆಗಳ ಅರ್ಥವೇನೆಂದು ಯೋಚಿಸಿ. ಆ ದ್ವೀಪಗಳಲ್ಲಿ ಮೋವಾವನ್ನು ಬೇಟೆಯಾಡುವ ನಾಲ್ಕು ಕಾಲಿನ ಪ್ರಾಣಿ ಇರಲಿಲ್ಲ. ಅವಸರವಾಗಿ ಬೆಳೆದು ಅವಸರವಾಗಿ ಮರಿ ಮಾಡುವ ಒತ್ತಡ ಇರಲಿಲ್ಲ. ಸುಮಾರು 13ನೇ ಶತಮಾನದ ಕೊನೆಗೆ ಪಾಲಿನೇಷ್ಯದ ಜನ ದೋಣಿಗಳಲ್ಲಿ ಅಲ್ಲಿಗೆ ಬಂದರು. ಇನ್ನೂರು ವರ್ಷ ತುಂಬುವುದರೊಳಗೆ ಮೋವಾ ಇಲ್ಲವಾಯಿತು. ಬೇಟೆಗಾರರು ಲಕ್ಷಾಂತರ ಮಂದಿ ಇರಬೇಕಾಗಿರಲಿಲ್ಲ. ಒಂದು ಬಲಿತ ಹಕ್ಕಿಯನ್ನು ಕೊಂದರೆ ಅದರ ಜಾಗಕ್ಕೆ ಇನ್ನೊಂದು ಬಲಿತು ಬರಲು ಹತ್ತು ವರ್ಷ ಕಾಯಬೇಕು. ಅಷ್ಟರಲ್ಲಿ ಅದರ ಮರಿಗಳನ್ನೂ ಮೊಟ್ಟೆಗಳನ್ನೂ ತಿಂದಾಗಿರುತ್ತದೆ. ಎದುರಿಗೆ ಸಾಕಷ್ಟು ಹಕ್ಕಿ ಕಾಣುತ್ತಿರುವಾಗ ಈ ಲೆಕ್ಕ ಯಾರ ಕಣ್ಣಿಗೂ ಬೀಳುವುದಿಲ್ಲ.

ಮಾರಿಷಸ್ ದ್ವೀಪದ ಡೋಡೋ ಇದಕ್ಕೆ ಸ್ವಲ್ಪ ಬೇರೆಯಾದ ಕತೆ. ಈ ಹಕ್ಕಿಗೂ ನಮ್ಮ ದೇಶಕ್ಕೂ ಸಂಬಂಧವಿದೆ. ಜಹಾಂಗೀರ್ ಬಾದಶಹರ ಆಸ್ಥಾನದ ಚಿತ್ರಕಾರ ಉಸ್ತಾದ್ ಮನ್ಸೂರ್ ಬರೆದದ್ದೆಂದು ಹೇಳಲಾಗುವ ಡೋಡೋ ಚಿತ್ರವೊಂದು ರಷ್ಯಾದ ಸೇಂಟ್ ಪೀಟರ್ಸ್‌ಬರ್ಗಿನಲ್ಲಿದೆ. ಕಾಲ ಸುಮಾರು 1625. 1628ರಿಂದ 1634ರವರೆಗೆ ಭಾರತದಲ್ಲಿದ್ದ ಇಂಗ್ಲಿಷ್ ವ್ಯಾಪಾರಿ ಪೀಟರ್ ಮಂಡಿ ಸೂರತ್ತಿನಲ್ಲಿ ಎರಡು ಡೋಡೋಗಳನ್ನು ನೋಡಿದ್ದಾಗಿ ಬರೆದಿದ್ದಾನೆ. ಯುರೋಪಿನ ಎಷ್ಟೋ ಚಿತ್ರಗಾರರು ಕೇಳಿದ್ದನ್ನು, ಇನ್ನೊಬ್ಬರು ಬರೆದದ್ದನ್ನು ನೋಡಿ ಬರೆದರು. ಹೀಗಾಗಿ ಜೀವಂತ ಹಕ್ಕಿಯನ್ನು ನೋಡಿ ಬರೆದಂತಿರುವ ಈ ಚಿತ್ರಕ್ಕೆ ವಿಜ್ಞಾನಿಗಳಲ್ಲಿ ಬಹಳ ಬೆಲೆ.

ಡಚ್ಚರು 1598ರಲ್ಲಿ ಮಾರಿಷಸ್‌ಗೆ ಬಂದರು. ಡೋಡೋವನ್ನು ಕಂಡ ನಂಬಬಹುದಾದ ಕೊನೆಯ ದಾಖಲೆ 1662ರದು. ಅದರ ಬದುಕಿನ ಬಗ್ಗೆ ನಾವಿಕರು ಬರೆದದ್ದು ಒಂದಕ್ಕೊಂದು ಹೊಂದುತ್ತಿರಲಿಲ್ಲ. ಒಬ್ಬ ಅದರ ಮೈಮೇಲೆ ಕಪ್ಪು ತುಪ್ಪಳ ಎಂದ, ಇನ್ನೊಬ್ಬ ಬೂದು ಗರಿ ಎಂದ. 2017ರಲ್ಲಿ ಡೆಲ್ಫಿನ್ ಆಂಗ್ಸ್ಟ್, ದಕ್ಷಿಣ ಆಫ್ರಿಕಾದ ಅನುಸೂಯಾ ಚಿನ್ಸಾಮಿ ಮತ್ತು ಸಂಗಡಿಗರು 22 ಡೋಡೋ ಎಲುಬುಗಳನ್ನು ಹೀಗೆಯೇ ತೆಳುವಾಗಿ ಸೀಳಿ ನೋಡಿದರು. ಕೆಲವು ಮರಿಗಳದ್ದು, ಕೆಲವು ಬಲಿತವು, ಒಂದರಲ್ಲಿ ಮೊಟ್ಟೆಯ ಉಗ್ರಾಣವೂ ಇತ್ತು. ಎಲುಬಿನ ರಚನೆಯಿಂದ ಅವರು ಓದಿಕೊಂಡದ್ದು ಇಷ್ಟು: ಆಗಸ್ಟ್ ಸುಮಾರಿಗೆ ಮೊಟ್ಟೆ, ಮರಿಗಳು ಬಹಳ ಬೇಗ ಬೆಳೆದು, ನವೆಂಬರಿನಿಂದ ಮಾರ್ಚಿವರೆಗಿನ ಚಂಡಮಾರುತದ ಕಾಲ ಬರುವಷ್ಟರಲ್ಲಿ ಗಟ್ಟಿಯಾಗುತ್ತಿದ್ದವು, ಆ ಕಾಲ ಕಳೆದ ಮೇಲೆ, ಮಾರ್ಚಿನ ಹೊತ್ತಿಗೆ, ಹಳೆಯ ಗರಿ ಉದುರಿ ಹೊಸ ಗರಿ ಬರುತ್ತಿತ್ತು. ಹೊಸ ಗರಿಗೆ ಬೇಕಾದ ಖನಿಜವನ್ನು ದೇಹ ಎಲುಬಿನಿಂದ ತೆಗೆದುಕೊಂಡಾಗ ಉಳಿಯುವ ಟೊಳ್ಳುಗಳು ಅಲ್ಲಿ ಕಂಡವು. ನಾವಿಕರಲ್ಲಿ ಸುಳ್ಳು ಹೇಳಿದವರು ಯಾರೂ ಇರಲಿಲ್ಲ; ಬೇರೆ ಬೇರೆ ತಿಂಗಳಲ್ಲಿ ಬಂದಿದ್ದರು. ಮೋವಾದಂತೆ ನಿಧಾನವಾಗಿ ಬೆಳೆಯದೆ, ಮರಿಗಳು ಬೇಗ ಬೆಳೆದರೂ ಡೋಡೋ ಉಳಿಯಲಿಲ್ಲ. ಏಕೆಂದರೆ ಹಡಗಿನ ಜೊತೆ ಬಂದ ಇಲಿ, ಹಂದಿ, ಕೋತಿಗಳು ನೆಲದ ಮೇಲಿನ ಗೂಡಿನಲ್ಲಿ ಮೊಟ್ಟೆಯನ್ನೇ ಉಳಿಸಲಿಲ್ಲ.

ಈಗ ಮತ್ತೆ ನಮ್ಮ ಊಟದ ತಟ್ಟೆಗೆ ಬರೋಣ. ಕೆನಡಾದ ಅಲ್ಬರ್ಟಾ ವಿಶ್ವವಿದ್ಯಾಲಯದವರು 2014ರಲ್ಲಿ ಪ್ರಕಟಿಸಿದ ಪ್ರಯೋಗವೊಂದಿದೆ. 1957ರ ತಳಿ, 1978ರ ತಳಿ, 2005ರ ತಳಿ ಹೀಗೆ ಮೂರು ಬಗೆಯ ಕೋಳಿಮರಿಗಳನ್ನು ಒಂದೇ ಬಗೆಯ ಆಹಾರ ಹಾಕಿ ಸಾಕಿದರು. 56 ದಿನದಲ್ಲಿ ಮೊದಲನೆಯದು 905 ಗ್ರಾಂ ತೂಗಿತು, ಎರಡನೆಯದು 1,808 ಗ್ರಾಂ, ಮೂರನೆಯದು 4,202 ಗ್ರಾಂ. ಬ್ರಾಯ್ಲರ್ ಅಷ್ಟು ಬೇಗ ಬೆಳೆಯುವುದಕ್ಕೆ ಸೂಜಿಮದ್ದೇ ಕಾರಣ ಎಂಬ ಮಾತು ನಮ್ಮ ಮನೆಗಳಲ್ಲಿ ಬಹಳ ಓಡಾಡುತ್ತದೆ. ಆಹಾರ ಒಂದೇ ಆಗಿದ್ದಾಗಲೂ ಇಷ್ಟು ವ್ಯತ್ಯಾಸ ಬಂತೆಂದರೆ ಅದು ತಲೆಮಾರುಗಳ ಆಯ್ಕೆಯಿಂದ ಬಂದದ್ದು. ನಮ್ಮ ಅಂಗಡಿಗೆ ಬರುವ ಎರಡು ಕಿಲೋ ಬ್ರಾಯ್ಲರ್‌ಗೆ ಐದಾರು ವಾರ ವಯಸ್ಸು. ಮೈ ದೊಡ್ಡ ಕೋಳಿಯದು, ಎಲುಬು ಮರಿಯದು. ಅದಕ್ಕೇ ಅದರ ಕಾಲು ಮೈಭಾರ ತಾಳಲಾರದೆ ಸೊಟ್ಟಗಾಗುವುದು, ಕುಂಟುವುದು. ಮೈ ಬೆಳೆಯುವ ವೇಗಕ್ಕೆ ಎಲುಬು ಬಲಿಯುವ ವೇಗ ಸರಿಸಾಟಿಯಾಗಿಲ್ಲ.

2018ರಲ್ಲಿ ಬ್ರಿಟನ್ನಿನ ಕೆಲವು ವಿಜ್ಞಾನಿಗಳು ಲಂಡನ್ನಿನ ಅಗೆತಗಳಲ್ಲಿ ಸಿಕ್ಕಿದ ರೋಮನ್ ಕಾಲದಿಂದೀಚಿನ ಕೋಳಿ ಎಲುಬುಗಳನ್ನು ಇಂದಿನ ಬ್ರಾಯ್ಲರ್ ಎಲುಬುಗಳೊಂದಿಗೆ ಹೋಲಿಸಿ ಬರೆದರು. ಆಗ ಭೂಮಿಯ ಮೇಲೆ ಒಂದೇ ಹೊತ್ತಿಗೆ ಬದುಕಿದ್ದ ಕೋಳಿಗಳ ಸಂಖ್ಯೆ ಸುಮಾರು 2,270 ಕೋಟಿ ಎಂದು ಅವರ ಲೆಕ್ಕ. ಮುಂದೆ ಎಂದೋ ನಮ್ಮ ಕಾಲದ ಮಣ್ಣಿನ ಪದರವನ್ನು ಅಗೆಯುವವರಿಗೆ ಎಲ್ಲೆಡೆ ಸಿಗುವ ಎಲುಬು ಕೋಳಿಯದೇ ಆಗಿರುತ್ತದೆ ಎಂದು ಅವರು ಹೇಳಿದರು. ಅಗೆಯುವವನು ನಾವು ಈಗ ಹೇಳಿದ ಪಾಠ ಕಲಿತವನಾಗಿದ್ದರೆ ಆ ಎಲುಬುಗಳ ತುದಿ ನೋಡುತ್ತಾನೆ. ಒರಟು, ರಂಧ್ರ, ಕಳಚಿದ ಮುಚ್ಚಳ. ರೋಮನ್ ಕಾಲದ ಹುಂಜ ಮೂರು ವರ್ಷ ಬದುಕಿತ್ತು, ಇವು ಎರಡು ತಿಂಗಳೂ ಬದುಕಲಿಲ್ಲ ಎಂದು ಅವನು ಬರೆದುಕೊಳ್ಳುತ್ತಾನೆ. ಕಾರಣವನ್ನು ಅವನು ಹೇಗೆ ಊಹಿಸುತ್ತಾನೋ ಕಾಣೆ.

ಕೊನೆಯದಾಗಿ ವಿದ್ಯಾರ್ಥಿಗಳಿಗೆ ಒಂದು ಕೆಲಸ. ಅಲ್ಲಿ ಮೇಜಿನ ಮೇಲೆ ಆರು ಕೋಳಿ ಎಲುಬುಗಳನ್ನಿಟ್ಟಿದ್ದೇನೆ. ಈ ಬರಹವನ್ನು ಓದುವವರು ಮನೆಯಲ್ಲೇ ತಯಾರು ಮಾಡಿಕೊಳ್ಳಬಹುದು. ಊಟವಾದ ಮೇಲೆ ಬ್ರಾಯ್ಲರ್‌ನದೊಂದು, ನಾಟಿ ಕೋಳಿಯದೊಂದು ಕಾಲಿನ ಎಲುಬನ್ನು ಎತ್ತಿಟ್ಟು, ಅಂಟಿದ ಮಾಂಸವನ್ನು ಬಿಡಿಸಿ, ಬಟ್ಟೆ ಒಗೆಯುವ ಪುಡಿ ಕಲಸಿದ ನೀರಿನಲ್ಲಿ ಎರಡು ದಿನ ನೆನೆಸಿ, ಹಳೆಯ ಬ್ರಷ್ಷಿನಿಂದ ತಿಕ್ಕಿ ನೆರಳಿನಲ್ಲಿ ಒಣಗಿಸಿ. ಬ್ಲೀಚಿಂಗ್ ಪುಡಿ ಬೇಡ, ಎಲುಬು ಪುಡಿಯಾಗುತ್ತದೆ. ನಾಟಿ ಹುಂಜದ ಹುರುಪೆ ಕಾಲನ್ನು ಅಂಗಡಿಯವರು ಕಡಿಮೆ ಬೆಲೆಗೆ ಕೊಡುತ್ತಾರೆ. ಮುಳ್ಳು ಅದರಲ್ಲಿರುತ್ತದೆ, ಬೇಯಿಸಿ ಬಿಡಿಸಿ ನೋಡಿ. ಒಂದು ಎಲುಬನ್ನು ಉದ್ದಕ್ಕೆ ಸೀಳಿ ಒಳಗೆ ಪುಡಿ ಎಲುಬು ಇದೆಯೇ ಎಂದೂ ನೋಡಿ. ಪ್ರತಿಯೊಂದರ ಪಕ್ಕ ಚೀಟಿಯಲ್ಲಿ ನಿಮ್ಮ ತೀರ್ಮಾನ ಬರೆಯಿರಿ. ಅಂಕೆಯ ಹಿಂದೆ 'ಕನಿಷ್ಠ' ಎಂದೋ 'ಹೆಚ್ಚೆಂದರೆ' ಎಂದೋ ಇರಲೇಬೇಕು, ಬರಿಯ ಅಂಕೆ ಬರೆದ ಚೀಟಿಯನ್ನು ನಾನು ನೋಡುವುದಿಲ್ಲ. ಚಹಾ ಆದ ಮೇಲೆ ಮೇಜಿನ ಹತ್ತಿರ ಸೇರೋಣ. ಪ್ರಶ್ನೆಗಳನ್ನು ಅಲ್ಲಿಯೇ ಕೇಳಿ.